ಹಿಂಡು, ಸಡಿಲ ಬಿಡು: ಮೋಹರ್ ಬಾಯಿಯ ಹಿಟ್ಟಿನ ಪಾಠ

ರಾಜಸ್ಥಾನದ ಕೋಟಾದ ಈ ಬೀದಿಯಲ್ಲಿ ಬೆಳಕು ಹರಿಯುವ ಮೊದಲೇ ಹುಡುಗಿಯರ ಹಾಸ್ಟೆಲಿನ ಅಡುಗೆಮನೆ ಎದ್ದಿರುತ್ತದೆ. ಅಡುಗೆಯ ಮೋಹರ್ ಬಾಯಿ, ಹುಡುಗಿಯರೆಲ್ಲರ ಮೌಸಿ ಅಂದರೆ ಚಿಕ್ಕಮ್ಮ, ಅಗಲ ಪರಾತದಲ್ಲಿ ಗೋಧಿಹಿಟ್ಟು ನಾದುತ್ತಿದ್ದಾರೆ. ಇವತ್ತು ಭಾನುವಾರ, ಕೋಚಿಂಗಿನ ಪರೀಕ್ಷೆ. ಬಾಗಿಲಲ್ಲಿ ಬಿಹಾರದ ದರ್ಭಂಗಾದ ಹದಿನಾರರ ಹುಡುಗಿ ರುನ್‌ಝುನ್ ನಿಂತಿದ್ದಾಳೆ. ಹೋದ ವಾರ ಪ್ರಶ್ನೆಪತ್ರಿಕೆ ಕೈಗೆ ಬಂದದ್ದೇ ತಡ, ವಾಂತಿ ಮಾಡಿಕೊಂಡು ಎದ್ದು ಬಂದವಳು. ಇವತ್ತೂ ಕೂರಲಾಗದಿದ್ದರೆ ಅಪ್ಪ ಬಂದು ಊರಿಗೆ ಕರೆದೊಯ್ಯುತ್ತಾರೆ. ಅವಳಿಗೆ ಹೋಗಲು ಮನಸ್ಸಿಲ್ಲ.

"ಮೌಸಿ, ಕಡಕ್ ಚಾ ಕೊಡು. ಸ್ವಲ್ಪ ಧೈರ್ಯ ಬರ್ಲಿ."

"ಚಾ ಇಲ್ಲ. ಕೈ ತೊಳ್ಕೊಂಡು ಬಾ."

ಒಂದು ಉಂಡೆ ಹಿಟ್ಟು ಅವಳ ಅಂಗೈಗೆ ಬೀಳುತ್ತದೆ. "ಉಸಿರು ಎಳ್ಕೊಂಡು ಹಿಂಡು. ಈಗ ನಿಧಾನಕ್ಕೆ ಉಸಿರು ಬಿಡ್ತಾ ಕೈ ಸಡಿಲ ಬಿಡು. ಭುಜ ಯಾಕೆ ಕಿವಿ ಹತ್ರ ಹೋಗಿದೆ? ಅದನ್ನೂ ಇಳಿಸು."

ತಟ್ಟೆ ಹಿಡಿದು ಬಂದ ಗೆಳತಿ ಓಜಸ್ವಿನಿ ಇಣುಕುತ್ತಾಳೆ. "ಮೌಸಿ, ಆ ಉಂಡೆಯ ರೊಟ್ಟಿ ನಂಗೆ ಬೇಡ. ಇವಳ ಭಯವೆಲ್ಲ ಅದ್ರಲ್ಲೇ ಇದೆ."

"ಅದು ಬೀದಿ ಹಸುವಿಗೆ. ಹೋದ ತಿಂಗಳು ನೀನು ಹಿಂಡಿದ್ದನ್ನ ಹಸುವೂ ಮೂಸಲಿಲ್ಲ, ಸುಮ್ನಿರು."

ರುನ್‌ಝುನ್‌ಗೆ ನಗು ಬರುತ್ತದೆ. ಉಂಡೆಯನ್ನು ಮತ್ತೊಮ್ಮೆ ಹಿಂಡುತ್ತಾಳೆ.

ಕಲ್ಲುಗಣಿಯ ದೂಳಿನಲ್ಲಿ ಗಂಡನ ಎದೆ ಕೆಟ್ಟ ಮೇಲೆ ಮೋಹರ್ ಬಾಯಿ ಈ ಒಲೆಯ ಮುಂದೆ ಬಂದು ಕೂತವರು. ಮೊದಮೊದಲು ಪರೀಕ್ಷೆಯ ಬೆಳಿಗ್ಗೆ ಅವರೂ ಕಡಕ್ ಚಹಾವನ್ನೇ ಕೊಡುತ್ತಿದ್ದರು. "ಪ್ರೀತಿಗೆ ಪುಡಿ ಜಾಸ್ತಿ ಹಾಕ್ತಿದ್ದೆ. ಖಾಲಿ ಹೊಟ್ಟೆ ಬೇರೆ. ಅವ್ರ ಎದೆ ಇನ್ನೂ ಜೋರಾಗಿ ಹೊಡ್ಕೊಳ್ತಿತ್ತು. ಪಾಪ ಹೆದರಿದಾಳೆ ಅಂತ ಇನ್ನೊಂದು ಲೋಟ ಕೊಡ್ತಿದ್ದೆ," ಎಂದು ಈಗ ನಗುತ್ತಾರೆ.

ವಾರಕ್ಕೊಮ್ಮೆ ಬರುವ ಆಪ್ತಸಮಾಲೋಚಕಿ ಹೀಗೇಕೆ ಆಗುತ್ತದೆಂದು ಒಂದು ದಿನ ಬಿಡಿಸಿ ಹೇಳಿದರು. ಆ ಮಾತು ಮೋಹರ್ ಬಾಯಿಯ ಬಾಯಲ್ಲಿ ಹೀಗಾಗಿದೆ: "ಹೆದರಿಕೆ ಆದಾಗ, ಹೊರಟ ಬಸ್ಸಿನ ಹಿಂದೆ ಓಡೋಕೆ ಅನ್ನೋ ಹಾಗೆ ಮೈ ತಯಾರಾಗಿಬಿಡತ್ತೆ. ಎದೆ ಓಡ್ತಿದೆ, ಹುಡುಗಿ ಮಾತ್ರ ಬೆಂಚಿನ ಮೇಲೇ ಕೂತಿದಾಳೆ. ಹೊಟ್ಟೆ ತನ್ನ ಕೆಲಸ ಬಿಟ್ಟು ಕೂರತ್ತೆ. ಬೈದ್ರೆ ಆ ಹೆದರಿಕೆ ಇಳಿಯತ್ತಾ?"

ಮುಷ್ಟಿ ಬಿಗಿದು ಸಡಿಲಿಸುವ ಅಭ್ಯಾಸವನ್ನು ಕಲಿಸಿದ್ದೂ ಆ ಸಮಾಲೋಚಕಿಯೇ. ಬರಿಗೈಯಲ್ಲಿ ಮಾಡಲು ಹುಡುಗಿಯರಿಗೆ ನಾಚಿಕೆ. ಅದಕ್ಕೆ ಹಿಟ್ಟು ಕೊಟ್ಟವರು ಮೋಹರ್ ಬಾಯಿ. ಇಷ್ಟರಿಂದ ಎಲ್ಲರಿಗೂ ಸಮಾಧಾನ ಸಿಗುವುದಿಲ್ಲ. ಮಾತು ಬಿಟ್ಟು, ನಿದ್ದೆ ಬಿಟ್ಟು ಕೂತವರನ್ನು ತಾವೇ ಕೈಹಿಡಿದು ಸಮಾಲೋಚಕಿಯ ಕೋಣೆಗೆ ಬಿಟ್ಟು ಬರುತ್ತಾರೆ.

ಮಧ್ಯಾಹ್ನ ಹುಡುಗಿಯರು ಗುಂಪುಗುಂಪಾಗಿ ಮರಳುತ್ತಾರೆ. ರುನ್‌ಝುನ್ ಎಲ್ಲರಿಗಿಂತ ಹಿಂದೆ.

"ಕೂತಿದ್ದೆ ಮೌಸಿ. ನಡುವೆ ಒಮ್ಮೆ ಹೊಟ್ಟೆ ತೊಳೆಸ್ತು. ಮೇಜಿನ ಕೆಳಗೆ ಕೈ ಬಿಗಿದು ಬಿಟ್ಟೆ, ಬಿಗಿದು ಬಿಟ್ಟೆ. ಕೊನೇವರೆಗೂ ಕೂತಿದ್ದೆ."

"ಎಷ್ಟು ಮಾರ್ಕ್ಸ್ ಬರತ್ತೆ?" ಓಜಸ್ವಿನಿ ಕೇಳುತ್ತಾಳೆ.

"ಯಾರಿಗೊತ್ತು. ಮೌಸಿ, ಊಟ ಏನು?"

ಮೋಹರ್ ಬಾಯಿ ಅನ್ನದ ಮೇಲೆ ಮಜ್ಜಿಗೆಯ ಕಢಿ ಸುರಿಯುತ್ತಾರೆ. ಅವಳು ತಟ್ಟೆ ಹಿಡಿದು ಅತ್ತ ಹೋದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳುತ್ತಾರೆ: "ಅವಳ ಉತ್ತರ ಸರಿಯೋ ತಪ್ಪೋ, ನಂಗೆ ಓದೋಕೆ ಬರಲ್ಲ. ಬಂದವಳೇ ಊಟ ಕೇಳಿದ್ಲಲ್ಲ, ನಂಗೆ ಅರ್ಥ ಆಗೋ ಫಲಿತಾಂಶ ಅದು."