ಹಳಿ ಕಿತ್ತವರಿಗೆ ಕಟ್ಟಿದ ಬುತ್ತಿ

ನಮ್ಮ ಹೊಲದ ನಟ್ಟನಡುವೆ ಒಂದು ರೈಲು ಹಳಿ ಹಾದುಹೋಗಿತ್ತು. ಸರಕಾರದ್ದಲ್ಲ. ಯಾವುದೋ ಕಾರ್ಖಾನೆಯವರು ತಮ್ಮ ಅದಿರು ಸಾಗಿಸಲು ಸ್ವಂತ ಖರ್ಚಿನಲ್ಲಿ ಹಾಕಿಸಿಕೊಂಡದ್ದು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ನಾನು ಗಂಗಾವತಿ ಕಡೆಯಿಂದ ಈ ತಳಕಲ್ ಸೀಮೆಗೆ ಸೊಸೆಯಾಗಿ ಬಂದಾಗಿನಿಂದ ಅದರ ಮೇಲೆ ರೈಲು ಹೋದದ್ದನ್ನು ಕಂಡವಳಲ್ಲ. ಆಡುಗಳು ಹೋಗುತ್ತಿದ್ದವು, ಅಷ್ಟೆ.

ಹಳಿಯಿಂದಾಗಿ ಹೊಲದ ಅರ್ಧ ಆಚೆ, ಅರ್ಧ ಈಚೆ. ಟ್ರ್ಯಾಕ್ಟರ್ ದಾಟಿಸಬೇಕೆಂದರೆ ಊರ ಹೊರಗಿನ ಕಚ್ಚಾ ರಸ್ತೆ ಹಿಡಿದು ದೊಡ್ಡ ಸುತ್ತು ಹಾಕಬೇಕು. ನಮ್ಮ ಮಾವ ದಿನಾ ಆ ಹಳಿಗೆ ಒಂದಷ್ಟು ಬೈದೇ ಊಟಕ್ಕೆ ಕೂರುತ್ತಿದ್ದರು. ಬೈದರೇನೇ ಅವರಿಗೆ ಊಟ ರುಚಿಸುತ್ತಿತ್ತು ಎಂದು ನನ್ನ ಅನುಮಾನ.

ಹಾಗಿರುವಾಗ ಒಂದು ಬೇಸಿಗೆಯ ಬೆಳಿಗ್ಗೆ ಹಳದಿ ಹೆಲ್ಮೆಟ್ಟು, ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಐದಾರು ಮಂದಿ ಗ್ಯಾಸ್ ಕಟರ್ ತಂದು ಹಳಿ ಕತ್ತರಿಸಲು ಶುರುಮಾಡಿದರು. ಮಾವನ ಮುಖ ಊರಗಲವಾಯಿತು.

"ಕಡೀಕೂ ಬುದ್ಧಿ ಬಂತ್ ನೋಡು ಫ್ಯಾಕ್ಟ್ರಿಯವ್ರಿಗೆ!"

ನೀವು ಯಾರು, ಯಾರು ಕಳಿಸಿದರು ಎಂದು ಊರಲ್ಲಿ ಒಬ್ಬರೂ ಕೇಳಲಿಲ್ಲ. ಹಾಡಹಗಲು, ರಸ್ತೆಗೆ ಕಾಣುವ ಹಾಗೆ ಲಾರಿ ನಿಲ್ಲಿಸಿಕೊಂಡು ಬೆವರು ಸುರಿಸುವವರನ್ನು ಕಳ್ಳರೆಂದು ಯಾರು ತಿಳಿಯುತ್ತಾರೆ? ಕಳ್ಳನೆಂದರೆ ಮುಖ ಮುಚ್ಚಿಕೊಂಡಾದರೂ ಬರಬೇಕಲ್ಲ! ಇವರು ಬಂದವರೇ "ನಮಸ್ಕಾರ್ರೀ ಯಜಮಾನ್ರ" ಎಂದಿದ್ದರು.

ಇನ್ನು ನಮ್ಮ ಅತ್ತೆಯ ಕಥೆ. ಹೊಲದಲ್ಲಿ ಬುತ್ತಿ ಬಿಚ್ಚಿದರೆ ಕಣ್ಣಿಗೆ ಬಿದ್ದವರನ್ನೆಲ್ಲ ಊಟಕ್ಕೆ ಕರೆಯುವುದು ನಮ್ಮ ಕಡೆಯ ರೂಢಿ. ಕರೆಸಿಕೊಂಡವರು "ಆಗೇತ್ರಿ, ನೀವು ಮಾಡ್ರಿ" ಎಂದು ಮುಂದೆ ಹೋಗುವುದೂ ರೂಢಿಯೇ. ಅತ್ತೆ ಕರೆದರು. ಈ ಮಂದಿ ಹೆಲ್ಮೆಟ್ ತೆಗೆದಿಟ್ಟು, ಕೈ ತೊಳೆದುಕೊಂಡು, ಬೇವಿನ ಮರದ ಕೆಳಗೆ ಸಾಲಾಗಿ ಕುಳಿತೇಬಿಟ್ಟರು. ಮರುದಿನದಿಂದ ನನ್ನ ಗತಿ ಕೇಳಬೇಡಿ.

ನಾನು ಕಾಲುವೆ ನೀರಿನ ಅನ್ನದ ಸೀಮೆಯವಳು. ರೊಟ್ಟಿ ಬಡಿಯಲು ಕಲಿತದ್ದೇ ಮದುವೆಯಾದ ಮೇಲೆ. ಮನೆಮಂದಿಗೆ ಬಡಿಯುವಷ್ಟರಲ್ಲೇ ಸುಸ್ತಾಗುವವಳಿಗೆ ಈಗ ಹಳಿಯವರ ಪಾಲೂ ಬಿತ್ತು.

"ಅತ್ತಿ, ನಾ ಏನ್ ಖಾನಾವಳಿ ಇಟ್ಟೀನೇನ್ರಿ?" ಎಂದು ಒಲೆಯ ಮುಂದಿನಿಂದಲೇ ಕೂಗಿದೆ.

"ಬಿಸಲಾಗ ದುಡಿಯೋ ಮಂದಿ ಹುಡುಗಿ. ನಮ್ಮ ಹೊಲದ ಕೆಲಸಾನ ಮಾಡಾಕತ್ತಾರ ಅಂತ ತಿಳಕೋ. ರೈಲ್ ಕಂಬಿ ಹೋದ್ರ ನಮಗ ದಾರಿ ಆಗಂಗಿಲ್ಲೇನು?"

ಸಿಟ್ಟು ಬಂದರೆ ಮಾತು ಸಾಲದೆ ಕೈಯಲ್ಲೂ ತೋರಿಸುವವಳು ನಾನು. ಹಿಟ್ಟಿನ ಮೇಲೆ ತೋರಿಸಿದೆ. ಅದಕ್ಕೋ ಏನೋ, ಆ ದಿನಗಳಲ್ಲಿ ನನ್ನ ರೊಟ್ಟಿ ತೆಳ್ಳಗೆ ಬರತೊಡಗಿದವು.

ಗ್ಯಾಸ್ ಕಟರ್ ಹಿಡಿಯುವವನು ಕುಷ್ಟಗಿ ಕಡೆಯವನು, ನಡುವಯಸ್ಸಿನ ಸಣಕಲ ಮನುಷ್ಯ, ಮಾತು ಕಡಿಮೆ. ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ, "ಯಾರ್ ಬಡದಾರ್ರೀ ಯವ್ವಾ ಇವನ್ನ? ಕಾಗದ ಆಗ್ಯಾವ್ ನೋಡ್ರಿ" ಎಂದ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ರೊಟ್ಟಿಯನ್ನು ಯಾರೂ ಹೊಗಳಿರಲಿಲ್ಲ. ನನ್ನ ಗಂಡ "ನಡೀತೈತಿ" ಎಂದರೆ ಅದೇ ದೊಡ್ಡ ಶಹಬ್ಬಾಸ್. ನಾನು ಅಲ್ಲೇ ಉಬ್ಬಿಹೋದೆ. ಮರುದಿನ ಯಾರೂ ಹೇಳದಿದ್ದರೂ ಎಣ್ಣೆಗಾಯಿ ಮಾಡಿದೆ, ಅದೂ ಕುಸುಬಿ ಎಣ್ಣೆ ಧಾರಾಳ ಸುರಿದು.

ಮಾವನೂ ಹಿಂದೆ ಬೀಳಲಿಲ್ಲ. ಕಪ್ಪುಮಣ್ಣಿನ ಎರೆಹೊಲದೊಳಗೆ ಲಾರಿ ಇಳಿಯುವಂತಿರಲಿಲ್ಲ. "ತಡೀರಿ, ನಮ್ಮ ಟ್ರ್ಯಾಕ್ಟರ್ ಐತಲ್ಲ" ಎಂದು ತಾವೇ ಟ್ರೇಲರ್ ಜೋಡಿಸಿಕೊಂಡು ಕಬ್ಬಿಣವನ್ನೆಲ್ಲ ರಸ್ತೆಗೆ ಸಾಗಿಸಿಕೊಟ್ಟರು. ಡೀಸೆಲ್ಲೂ ನಮ್ಮದೇ. ಕೊನೆಯ ದಿನ ಅತ್ತೆ ದಾರಿಗೆಂದು ಬಟ್ಟೆಯಲ್ಲಿ ರೊಟ್ಟಿ ಕಟ್ಟಿ, ತಮ್ಮ ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಚಟ್ನಿ ತುಂಬಿ ಆ ಕುಷ್ಟಗಿಯವನ ಕೈಗಿತ್ತರು. ತವರಿನಿಂದ ಬಂದ ಡಬ್ಬಿ ಅದು, ಮೇಲೆ ಅವರ ಹೆಸರು ಕೊರೆದಿತ್ತು.

"ಈ ಕಡೆ ಬಂದಾಗ ಡಬ್ಬಿ ಕೊಟ್ ಹೋಗಪಾ, ಮರೀಬ್ಯಾಡ."

"ಹೂಂನ್ರಿ ಯವ್ವಾ" ಎಂದು ಅವನು ಲಾರಿ ಹತ್ತಿದ.

ಕೆಲವು ದಿನಗಳಾದ ಮೇಲೆ ಕಾರ್ಖಾನೆಯ ಕಡೆಯ ಸಾಹೇಬರೊಬ್ಬರು ಬಂದು, ಹಳಿಯಿದ್ದ ಜಾಗದಲ್ಲಿ ಬರೀ ಜಲ್ಲಿ ಕಂಡು ತಲೆ ಮೇಲೆ ಕೈಹೊತ್ತು ಕುಳಿತರು. ಅವರು ಯಾರನ್ನೂ ಕಳಿಸಿರಲಿಲ್ಲ! ಪೊಲೀಸರು ಬಂದು ವಿಚಾರಿಸಿದಾಗ ನಮ್ಮೂರಿನವರು ಇದ್ದದ್ದನ್ನು ಇದ್ದಹಾಗೆ ಹೇಳಿದರು. ಕಬ್ಬಿಣ ಹೊತ್ತ ಟ್ರ್ಯಾಕ್ಟರ್ ಯಾರದು? ಇವರದು. ಕಳ್ಳರಿಗೆ ಊಟ ಹಾಕಿದವರು? ಇವರೇ. ಇನ್ನೇನು ಬೇಕು! ಟ್ರ್ಯಾಕ್ಟರ್ ಠಾಣೆಗೆ ಹೋಯಿತು. ಮಾವನನ್ನು ದಿನಾ ಕರೆಸಿ ಬೆಂಚಿನ ಮೇಲೆ ಕೂರಿಸತೊಡಗಿದರು.

"ಪುಕ್ಕಟ ಡೀಸೆಲ್ ಸುಟ್ಟು, ಗುರ್ತಿಲ್ಲದ ಮಂದಿಗೆ ಕಬ್ಬಿಣ ಹೊತ್ತೆ ಅಂದ್ರ ಯಾರ್ ನಂಬತಾರ ಯಜಮಾನ್ರ?" ಎಂದು ಠಾಣೆಯ ಸಾಹೇಬರು ಕೇಳಿದರಂತೆ. ನಿಜ ಹೇಳಬೇಕೆಂದರೆ, ಆ ಮನೆಯ ಸೊಸೆಯಾಗಿರದಿದ್ದರೆ ನಾನೂ ನಂಬುತ್ತಿರಲಿಲ್ಲ.

ಕಳ್ಳರು ಸಿಗದಿದ್ದರೆ ಮಾವನ ಹೆಸರೇ ಕೇಸಿಗೆ ಬೀಳುತ್ತದೆ ಎಂದು ವಕೀಲರು ಹೇಳಿದರು. ಅಷ್ಟರಲ್ಲಿ ಮಳೆ ಬಿದ್ದು ಹೆಸರುಕಾಳು ಬಿತ್ತುವ ಹದ ಬಂತು. ಎಲ್ಲರ ಹೊಲದಲ್ಲೂ ಟ್ರ್ಯಾಕ್ಟರ್ ಸದ್ದು, ನಮ್ಮದು ಮಾತ್ರ ಠಾಣೆಯ ಅಂಗಳದಲ್ಲಿ ನೆನೆಯುತ್ತಿತ್ತು. ಮಾವ ಮಾತು ಬಿಟ್ಟರು. ಬೈಯಲು ಹಳಿಯೂ ಇರಲಿಲ್ಲ ಪಾಪ. ಅವರನ್ನು ನೋಡಿ ಆದ ಸಂಕಟವನ್ನೆಲ್ಲ ನಾನು ಅತ್ತೆಯ ಮೇಲೆ ತೀರಿಸಿಕೊಂಡೆ.

"ಇನ್ನ ಮ್ಯಾಲ ದಾರಿ ಮ್ಯಾಲ ಹೋಗೋರನ್ನ ಉಣ್ಣಾಕ ಕರದ್ರಿ ಅಂದ್ರ ನೋಡ್ರಿ ಮತ್ತ!"

"ನನ್ನ ಡಬ್ಬಿನೂ ಹೋತು" ಎಂದರು ಅತ್ತೆ. ಗಂಡ ಜೈಲಿನ ಬಾಗಿಲಲ್ಲಿ, ಇವರಿಗೆ ಡಬ್ಬಿಯ ಚಿಂತೆ!

ಮುಂದಿನ ವಾರ ಒಂದು ಮಧ್ಯಾಹ್ನ ಬಾಗಿಲಲ್ಲಿ ಯಾರೋ ಕೆಮ್ಮಿದರು. ಹೋಗಿ ನೋಡಿದರೆ ಕುಷ್ಟಗಿಯವನು! ತೊಳೆದ ಬಿಳಿ ಅಂಗಿ, ಕೈಯಲ್ಲಿ ಅತ್ತೆಯ ಡಬ್ಬಿ.

"ಬಸ್ಸಿಗೆ ಬಂದ್ನಿರಿ. ಬ್ಯಾರೇದವ್ರ ಹೆಸರಿನ ಡಬ್ಬಿ ಮನ್ಯಾಗ ಇಟ್ಕೋಬಾರದು ಅಂತ ನಮ್ಮಾಕಿ ಒಂದ ಸವನ ಗಂಟ್ಬಿದ್ಲು. ಖಾಲಿ ಹೆಂಗ್ ಕೊಡಬೇಕು? ಶೇಂಗಾದ ಉಂಡಿ ಮಾಡಿ ಹಾಕ್ಯಾಳ."

ಪಾತ್ರೆ ತುಂಬಿ ಬಂದರೆ ಖಾಲಿ ಹಿಂತಿರುಗಿಸುವಂತಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು ಎನ್ನುವುದು ಇಲ್ಲಿಯ ಪದ್ಧತಿ. ಪದ್ಧತಿ ಬಿಡಬಾರದೆಂದು ಕಳ್ಳ ತಾನಾಗಿ ನಡೆದುಬಂದಿದ್ದ. ಪೊಲೀಸರ ಸುದ್ದಿ ಅವನಿಗೆ ಮುಟ್ಟಿಯೇ ಇರಲಿಲ್ಲ.

"ಅತ್ತೀ, ಬಾಗಲಾ ಹಾಕ್ರಿ! ಹಿಡೀರಿ ಅವನ್ನ!" ಎಂದು ನಾನು ಕಿರುಚಿದೆ.

"ಸುಮ್ನಿರ. ಮೊದಲ ತಾಟ್ ಹಾಕು" ಎಂದರು ಅತ್ತೆ.

ತಾಟು ಹಾಕಿದೆ, ಟಣ್ಣೆಂದು ಸದ್ದು ಬರುವ ಹಾಗೆ. ಅವನು ಎರಡು ತುತ್ತು ತಿಂದ ಮೇಲೆ ಅತ್ತೆ ಎದುರಿಗೆ ಕುಳಿತು ಆದದ್ದನ್ನೆಲ್ಲ ಹೇಳಿದರು. ಅವನ ಕೈ ತಾಟಿನಲ್ಲೇ ನಿಂತಿತು.

"ನಾ ಕೂಲಿ ಮನಷ್ಯಾರೀ ಯವ್ವಾ. ಫ್ಯಾಕ್ಟ್ರಿಯವ್ರು ಗುತ್ತಿಗಿ ಕೊಟ್ಟಾರಂತ ಹೇಳಿ ಕರಕೊಂಡು ಬಂದಿದ್ರು. ಆಮ್ಯಾಲ ಅನುಮಾನ ಬಂತು, ಸುಳ್ಳ್ ಯಾಕ ಹೇಳ್ಲಿ. ಬಾಯಿ ಮುಚಗೊಂಡು ಕೆಲಸ ಮಾಡ್ದೆ."

"ನೋಡಪಾ, ಬಾಗಲಾ ತೆರದೈತಿ. ಹೋಗ್ತೀನಂದ್ರ ನಾ ಹಿಡಿಯಂಗಿಲ್ಲ. ಆದ್ರ ನಮ್ಮ ಯಜಮಾನ್ರು ಅಲ್ಲಿ ಬೆಂಚಿನ ಮ್ಯಾಲ ಕುಂತಾರ. ನೀ ಬಾಯಿ ಬಿಟ್ರನ ಅವ್ರು ಮನಿಗೆ ಬರೋದು."

ಅವನು ಬಾಗಿಲ ಕಡೆ ನೋಡಿದ. ನನ್ನ ಗಂಡನೂ ವಕೀಲರ ಹತ್ತಿರ ಹೋದ ಹೊತ್ತು, ಓಡಿದರೆ ಹಿಡಿಯಲು ಮನೆಯಲ್ಲಿ ನಾವಿಬ್ಬರೇ ಹೆಂಗಸರು. ಏನು ಮಾಡಬೇಕೆಂದು ತೋಚದೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಅವನು ಅದನ್ನು ಪೂರ್ತಿ ತಿಂದು, ಕೈ ತೊಳೆದು, "ನಡ್ರಿ ಹೋಗೂಣು" ಎಂದ.

ಅತ್ತೆ ಉಂಡಿಗಳನ್ನು ನನ್ನ ರೊಟ್ಟಿ ಬುಟ್ಟಿಗೆ ಸುರಿದು, ಸಾಕ್ಷಿಗೆ ಬೇಕಾದೀತೆಂದು ಡಬ್ಬಿ ಹಿಡಿದುಕೊಂಡು, ಅವನ ಜೊತೆ ಬಸ್ಸು ಹತ್ತಿದರು. ಹೆಂಗಸರ ಸೀಟಿನಲ್ಲಿ ಅವನನ್ನೂ ಕೂರಿಸಿಕೊಂಡು, ಕಂಡಕ್ಟರ್ ಕೇಳಿದ್ದಕ್ಕೆ "ನಮ್ಮ ಹುಡುಗ" ಎಂದರಂತೆ. ಠಾಣೆಯಲ್ಲಿ ಅವನು, ತನ್ನನ್ನು ಕರೆತಂದವರು ಯಾರು, ಕಬ್ಬಿಣ ಯಾವ ಗುಜರಿಗೆ ಹೋಯಿತು ಎಲ್ಲ ಹೇಳಿದ. ಈ ಮನೆಯವರಿಗೆ ಏನೂ ಗೊತ್ತಿರಲಿಲ್ಲ, ನಮ್ಮನ್ನು ನಂಬಿ ಅನ್ನ ಹಾಕಿದರು ಎಂದೂ ಹೇಳಿದ. ಡಬ್ಬಿಯನ್ನು ಸಾಕ್ಷಿಗೆಂದು ಠಾಣೆಯವರೇ ಇಟ್ಟುಕೊಂಡರು. ಅಂದು ಸಂಜೆ ಮಾವ ಮನೆಗೆ ಬಂದು, ಉಂಡಿ ತಿನ್ನುತ್ತ ಕುಳಿತರು. ಪೊಲೀಸರು ಒಳಗೆ ಹಾಕಿದ ಕುಷ್ಟಗಿಯವನಿಗೆ ನಮ್ಮ ವಕೀಲರೇ ಜಾಮೀನು ಕೊಡಿಸಬೇಕೆಂದು ಅತ್ತೆ ಹಟ ಹಿಡಿದರು. ನಾನೂ ಅತ್ತೆಯ ಪರ ನಿಂತೆ. ನನ್ನ ರೊಟ್ಟಿ ಹೊಗಳಿದವನು ಅವನೊಬ್ಬನೇ ತಾನೆ!

ಹದ ಆರುವ ಮೊದಲೇ ಟ್ರ್ಯಾಕ್ಟರ್ ಬಿಡುವ ಆದೇಶ ಬಂತು. ಮಾವ, ಅತ್ತೆ, ನಾನು ಮೂವರೂ ಹೋದೆವು. ಪೊಲೀಸಪ್ಪ ಮಾವನ ಕೈಗೆ ಕೀಲಿ ಕೊಟ್ಟು, ಅತ್ತೆಯ ಕೈಗೆ ಡಬ್ಬಿ ಕೊಟ್ಟ. ಅತ್ತೆ ಮುಚ್ಚಳ ತೆರೆದು ಒಳಗೆ ನೋಡಿದರು.

"ಏನ್ರೀ ಸಾಹೇಬ್ರ, ಖಾಲಿ ಕೊಡಾಕತ್ತೀರಿ?"

"ಖಾಲೀನ ಬಂದಿತ್ತಲ್ಲಬೇ ಯಮ್ಮಾ."

"ಕಂಬಿ ಕಿತಗೊಂಡು ಹೋದಾವ ತುಂಬಿ ತಂದು ಕೊಟ್ಟಾನ. ನೀವು ಸರಕಾರದವ್ರು."

ಮಾವ ಕಿಟಕಿಯಾಚೆಯ ಟ್ರ್ಯಾಕ್ಟರಿನ ಗಾಲಿ ನೋಡುತ್ತ ನಿಂತರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಪೊಲೀಸಪ್ಪ ಹೊರಗಿನ ಚಹಾದಂಗಡಿಗೆ ಕೂಗಿ ಹಿಡಿ ಸಕ್ಕರೆ ತರಿಸಿ ತಾನೇ ಡಬ್ಬಿಗೆ ಸುರಿದ. ಅತ್ತೆ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿದರು.

"ಹಾಂ, ಈಗ ಮುಗೀತ್ ನೋಡ್ರಿ ಕೇಸು."