ಮಣಿಕಟ್ಟಿನ ಮೇಲೆ ಸಣ್ಣ ಬೆರಳುಗಳು

ಮೈಮೇಲೆ ದೇವರು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಸಿಂಧನೂರಿನಲ್ಲಿ ನಮ್ಮದು ಔಷಧಿ ಅಂಗಡಿ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿಕೊಂಡು ಬಂದವರಿಗೆ ಜ್ವರದ ಗುಳಿಗೆ ಕೊಟ್ಟು, "ತಾಯತ ಇರಲಿ, ಇದನ್ನೂ ನುಂಗ್ರಿ" ಎಂದು ಚೇಷ್ಟೆ ಮಾಡಿ ಕಳಿಸುತ್ತಿದ್ದವಳು ನಾನು. ಇಂಥವಳು ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಅಷ್ಟೇ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ನೆಗೆಣ್ಣಿ ಶಂಕ್ರಮ್ಮನ ಮಗಳು ಪೂಜಾಳ ಮದುವೆ ಗೊತ್ತಾಗಿತ್ತು. ಶಂಕ್ರಮ್ಮನ ಗಂಡ, ಅಂದರೆ ನನ್ನ ಮೈದುನ, ಬೈಕಿನಿಂದ ಬಿದ್ದು ತೀರಿಕೊಂಡಾಗ ಪೂಜಾ ಇನ್ನೂ ತೊಟ್ಟಿಲಲ್ಲಿದ್ದಳು. ಅಂದಿನಿಂದ ಶಂಕ್ರಮ್ಮ ಮಸ್ಕಿಯ ಮನೆಯಲ್ಲಿ ಅತ್ತೆಯ ಕೈಕೆಳಗೆ ರೊಟ್ಟಿ ಬಡಿಯುತ್ತ ಬಾಳಿದಳು. ಅವಳಿಗಿದ್ದದ್ದು ಒಂದೇ ಆಸೆ. ಮದುವೆಯ ದಿನ ಮಗಳ ಕೆನ್ನೆಗೆ ತಾನೂ ಒಂದಿಷ್ಟು ಅರಿಶಿಣ ಹಚ್ಚಬೇಕು. ನಮ್ಮ ಅತ್ತೆ ಮುತ್ತೈದೆ, ದಿನಾ ಸಂಜೆ ವಿಭೂತಿ ಹಚ್ಚಿಕೊಂಡು ವಚನ ಹೇಳುವವರು. ಆದರೆ ಗಂಡ ಸತ್ತವಳು ಅರಿಶಿಣದ ಬಟ್ಟಲು ಮುಟ್ಟುವ ಮಾತು ಬಂದರೆ ವಚನವೆಲ್ಲ ಗೂಟಕ್ಕೆ. ಅವರು ಆಗುವುದಿಲ್ಲ ಎಂದೂ ಹೇಳಲಿಲ್ಲ. "ನೋಡೋಣು, ನೀ ಹೆಂಗಿರ್ತಿ ಅದರ ಮ್ಯಾಲ" ಎಂದರು. ಆ "ನೋಡೋಣು" ಎಂಬ ಹಗ್ಗ ಹಿಡಿದೇ ಅವಳನ್ನು ತಿಂಗಳುಗಟ್ಟಲೆ ಕುಣಿಸಿದರು.

ಜೋಧಪುರಕ್ಕೆ ಹೋದದ್ದೂ ಆಗಲೇ. ನಮ್ಮ ಅಂಗಡಿಯ ಎದುರಿಗೆ ಬಟ್ಟೆ ಅಂಗಡಿ ಇಟ್ಟಿರುವ ಮಾರವಾಡಿ ಪುಷ್ಪಾಬಾಯಿಯ ತವರು ಅದು. ಸಿಂಧನೂರಿಗೆ ಬಂದು ನಮಗಿಂತ ಚೆನ್ನಾಗಿ ನಮ್ಮ ಮಾತು ಕಲಿತವಳು. "ನಮ್ಮೂರ ಹೆಣ್ಮಕ್ಕಳ ಹಬ್ಬ ನೋಡಬರ್ರಿ, ಒಮ್ಮೆ ನೋಡಿದ್ರ ಮರೆಯಂಗಿಲ್ಲ" ಎಂದು ಕರೆದಳು. ಅತ್ತೆ ಹೊರಟರು, ನಾನು ಹೊರಟೆ. ಅತ್ತೆಯ ಚೀಲ ಹೊರಲು ಶಂಕ್ರಮ್ಮನನ್ನೂ ಕರೆದುಕೊಂಡೆವು.

ಬೆಳಿಗ್ಗೆ ಗುಡ್ಡದ ಮೇಲಿನ ಕೋಟೆಗೆ ಹೋದೆವು. ಬಿಸಿಲು ನಮ್ಮ ರಾಯಚೂರು ಕಡೆಯದೇ, ಆದರೆ ಬೆವರೇ ಬರುವುದಿಲ್ಲ. ಒಳಬಾಗಿಲ ಪಕ್ಕದ ಗೋಡೆಯ ಮೇಲೆ ಸಾಲಾಗಿ ಕೈ ಗುರುತುಗಳಿದ್ದವು, ಮೇಲೆ ಕುಂಕುಮ. ರಾಜ ಸತ್ತಾಗ ಚಿತೆ ಏರಲು ಹೊರಟ ರಾಣಿಯರು ಬಾಗಿಲು ದಾಟುವಾಗ ಒತ್ತಿಹೋದ ಗುರುತುಗಳಂತೆ. ನನ್ನ ಕಣ್ಣು ಹೋದದ್ದು ಅವುಗಳ ಅಳತೆಯ ಮೇಲೆ. ಒಂದೆರಡು ಕೈಗಳು ಶಾಲೆಗೆ ಹೋಗುವ ಹುಡುಗಿಯ ಕೈಯಷ್ಟೇ ಇದ್ದವು.

ಅತ್ತೆ ಚಪ್ಪಲಿ ಬಿಟ್ಟು ಹಣೆ ಹಚ್ಚಿ ಕೈ ಮುಗಿದರು. ಆಮೇಲೆ ಸುತ್ತ ನಿಂತವರಿಗೆ ಕೇಳುವ ಹಾಗೆ ಹೇಳಿದರು, "ಹೆಣ್ಣಂದ್ರ ಇವರು ನೋಡ್ರಿ. ಗಂಡನ ಸಂಗಾಟ ಹೋದ್ರು. ನಮ್ಮನ್ಯಾಗೂ ಒಬ್ಬಾಕಿ ಅದಾಳ, ಗಂಡನ್ನ ಕಳಿಸಿ ಇನ್ನೂ ಎರಡು ಹೊತ್ತು ಉಣ್ಣಾಕತ್ತಾಳ." ಆ ಊರಿನ ಜನಕ್ಕೆ ಕನ್ನಡ ತಿಳಿಯದು ಎಂಬುದೊಂದೇ ಪುಣ್ಯ. ಶಂಕ್ರಮ್ಮ ಅತ್ತೆಯ ಚಪ್ಪಲಿ ಹಿಡಿದುಕೊಂಡು ಗೋಡೆಯನ್ನೇ ನೋಡುತ್ತ ನಿಂತಿದ್ದಳು.

ರಾತ್ರಿ ಹಬ್ಬ. ಧೀಂಗಾ ಗವರ್ ಎನ್ನುತ್ತಾರೆ, ಗವರ್ ಅಂದರೆ ನಮ್ಮ ಗೌರಿಯೇ. ಹಳೆ ಊರಿನ ಓಣಿಗಳೆಲ್ಲ ಅಂದು ಹೆಂಗಸರ ಕೈಗೆ. ಪೊಲೀಸ್ ವೇಷ, ಸಾಧು ವೇಷ, ಮೀಸೆ ಬರೆದುಕೊಂಡವರು, ಎಲ್ಲರ ಕೈಯಲ್ಲೂ ಬೆತ್ತ. ಎದುರು ಸಿಕ್ಕ ಗಂಡಸಿಗೆ ಏಟು. ಏಟು ತಿಂದ ಹುಡುಗನಿಗೆ ಬೇಗ ಹೆಣ್ಣು ಸಿಗುತ್ತದೆ ಎಂದು ಅವರೂ ನಗುತ್ತ ಓಡುತ್ತಿದ್ದರು. ಗಂಡ ಸತ್ತವರಿಗೂ ಈ ಹಬ್ಬದಲ್ಲಿ ಪಾಲುಂಟು ಎಂದು ಪುಷ್ಪಾಬಾಯಿ ಹೇಳಿದಳು. ಅವಳ ಸೋದರತ್ತೆಯೇ ವಿಧವೆ, ಪೇಟ ಸುತ್ತಿಕೊಂಡು ರಾಜನಾಗಿದ್ದಳು. ಆಕೆ ಬಂದು ಶಂಕ್ರಮ್ಮನ ಕೈಗೊಂದು ಬೆತ್ತ ಕೊಟ್ಟಳು. ಶಂಕ್ರಮ್ಮನ ಮುಖ ಒಂದು ಗಳಿಗೆ ಅರಳಿದ್ದನ್ನು ನಾನು ನೋಡಿದೆ.

"ಹಿಡದೀ ಅಂದ್ರ ಮಗಳ ಅರಿಶಿಣದ ಮಾತು ಮರ್ತುಬಿಡು" ಎಂದರು ಅತ್ತೆ.

ಶಂಕ್ರಮ್ಮ ಬೆತ್ತ ಹಿಂದಕ್ಕೆ ಕೊಟ್ಟು ಚೀಲ ಎತ್ತಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಏನು ಮಾಡಲಿ, ಅತ್ತೆಯ ಬಾಯಿಗೆ ಬೀಗ ಹಾಕುವವರು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ.

ಇದಾಗಿ ಸ್ವಲ್ಪ ಹೊತ್ತಿಗೆ ಅದು ನಡೆಯಿತು. ಗವರಿಯ ಮೂರ್ತಿ ಕೂರಿಸಿದ್ದ ಒಂದು ಜಗಲಿಯ ಮುಂದೆ ನಿಂತಿದ್ದೆವು. ಅತ್ತೆಯ ಎಡಕ್ಕೆ ಶಂಕ್ರಮ್ಮ, ಎರಡೂ ಕೈಯಲ್ಲಿ ಚೀಲ. ಬಲಕ್ಕೆ ನಾನು. ದೀಪಗಳಿಂದ ಓಣಿ ಹಗಲಿನಂತಿತ್ತು, ಜನರ ನೂಕಾಟ ಆಚೆ ತಿರುವಿನಲ್ಲಿತ್ತು. ಇದ್ದಕ್ಕಿದ್ದಂತೆ ಅತ್ತೆ ಕೂಗಿದರು, "ಬಿಡ ಬೇ! ಯಾರ್ದು ಬೇ ಈ ಹುಡುಗಿ? ಬಿಡು!"

ತಿರುಗಿ ನೋಡಿದೆ. ಅತ್ತೆಯ ಬಲಗೈ ಕೆಳಕ್ಕೆ ಜಗ್ಗಿತ್ತು. ಸಣ್ಣ ಮಗುವೊಂದು ಜೋತುಬಿದ್ದರೆ ಕೈ ಹೇಗೆ ಬಾಗುತ್ತದೋ ಹಾಗೆ, ಸೊಂಟದ ಮಟ್ಟದಲ್ಲಿ, ಭುಜ ವಾಲಿಸಿಕೊಂಡು. ಬಳೆಗಳು ಮುಂಗೈಗೆ ಜಾರಿ ನಿಂತಿದ್ದವು. ಅವರು ಜಗ್ಗಿದರೂ ಕೈ ಬರುತ್ತಿರಲಿಲ್ಲ. ಆದರೆ ಅಲ್ಲಿ ಯಾರೂ ಇರಲಿಲ್ಲ. ಅವರ ಕೈಗೂ ನನ್ನ ಸೀರೆಗೂ ನಡುವೆ ಬರೀ ಓಣಿಯ ಕಲ್ಲು ಕಾಣುತ್ತಿತ್ತು. ಅತ್ತೆ ಹಲ್ಲು ಕಚ್ಚಿ, ಮೈಯ ಬಲವೆಲ್ಲ ಹಾಕಿ ಕೈ ಕೊಡವಿದರು. ಕೈ ಬಿಡಿಸಿಕೊಂಡಿತು. ಹಿಂದಕ್ಕೆ ಬೀಳುತ್ತಿದ್ದವರನ್ನು ಶಂಕ್ರಮ್ಮ ಚೀಲ ಬಿಟ್ಟು ಹಿಡಿದಳು.

ಪುಷ್ಪಾಬಾಯಿಯ ಮನೆಗೆ ಬಂದು ನೋಡಿದರೆ ಮಣಿಕಟ್ಟಿನ ಸುತ್ತ ಬರೆ ಎದ್ದಿತ್ತು. ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು. ಬೆರಳುಗಳು ಪೂರ್ತಿ ಸುತ್ತಿಕೊಳ್ಳಲೂ ಆಗದಷ್ಟು ಸಣ್ಣವು. "ಸುಡಾಕತ್ತೈತಿ, ಏನರ ಹಚ್ಚು" ಎಂದು ಅತ್ತೆ ನರಳಿದರು. ಸುಟ್ಟ ಗಾಯದ ಮುಲಾಮು ನನ್ನ ಚೀಲದಲ್ಲಿತ್ತು, ಹಚ್ಚಿದೆ. ಬಳೆ ಒತ್ತಿರಬಹುದು, ರಕ್ತ ಕಟ್ಟಿರಬಹುದು ಎಂದು ಬಾಯಿ ಹೇಳುತ್ತಿತ್ತು. ನನ್ನ ಕೈ ಮಾತ್ರ ಆ ಬೆರಳುಗಳನ್ನು ಒಂದೊಂದಾಗಿ ಎಣಿಸುತ್ತಿತ್ತು.

ಊರಿಗೆ ಮರಳುವಾಗ ರೈಲಿನಲ್ಲಿ ನನಗೆ ಒಳಗೊಳಗೇ ಖುಷಿ. ಅದೇನೇ ಇರಲಿ, ಮುದುಕಿಗೆ ಬುದ್ಧಿ ಬಂತು, ಇನ್ನು ಮೆತ್ತಗಾಗುತ್ತಾರೆ ಎಂದುಕೊಂಡೆ. ಅತ್ತೆ ಹೆದರಿದ್ದು ನಿಜ. ಮೆತ್ತಗಾಗಲಿಲ್ಲ. ಮಸ್ಕಿಯ ಮನೆಯ ಹೊಸ್ತಿಲು ದಾಟುತ್ತಲೇ ಬಂಧು ಬಳಗದ ಮುಂದೆ ಕೈ ಚಾಚಿ ತೋರಿಸಿದರು.

"ಕ್ವಾಟಿ ಬಾಗಿಲದಾಗ ನನ್ನ ಮಾತಿಗೆ ಈ ಮುಂಡಿ ಹೊಟ್ಟಿ ಉರಕೊಂಡ್ಳು. ಏನೋ ಮಾಡಿ ಹಿಡಿಸ್ಯಾಳ."

ನಾನು ಸುಮ್ಮನಿರಲಿಲ್ಲ. ಶಂಕ್ರಮ್ಮನನ್ನು ಕರೆದು ಅವಳ ಕೈಯನ್ನು ಎಲ್ಲರೆದುರು ಆ ಗುರುತಿನ ಮೇಲಿಟ್ಟು ತೋರಿಸಿದೆ. ರೊಟ್ಟಿ ಬಡಿದು ಅಗಲವಾದ ಕೈ, ಗುರುತನ್ನು ಪೂರ್ತಿ ಮುಚ್ಚಿಬಿಟ್ಟಿತು. "ಕೈ ದೊಡ್ಡದಿದ್ರ ಮಾಟ ಸಣ್ಣದು ಮಾಡಾಕ ಬರಂಗಿಲ್ಲೇನು?" ಎಂದರು ಅತ್ತೆ. ಎಲ್ಲರೂ ಹೌದೌದೆಂದು ತಲೆಯಾಡಿಸಿದರು.

ನಮ್ಮ ಹೊಲದ ಬದುವಿನಲ್ಲಿ ಒಂದು ಮಾಸ್ತಿಗಲ್ಲಿದೆ. ಬಳೆ ತೊಟ್ಟ ತೋಳೊಂದನ್ನು ಮೇಲೆತ್ತಿದಂತೆ ಕೆತ್ತಿದ ಕಲ್ಲು, ಯಾವ ಕಾಲದಲ್ಲಿ ಗಂಡನೊಡನೆ ಸುಟ್ಟುಹೋದವಳದೋ. ಮನೆಯಲ್ಲಿ ಮದುವೆಯಾದರೆ ಮೊದಲ ಅರಿಶಿಣ ಆ ತೋಳಿಗೇ. ಪೂಜಾಳ ಮದುವೆಯ ಬೆಳಿಗ್ಗೆ ಮುತ್ತೈದೆಯರು ಬಟ್ಟಲು ಹಿಡಿದು ಹೊಲಕ್ಕೆ ಹೊರಟರೆ, ಶಂಕ್ರಮ್ಮನನ್ನು ಲಿಂಗಸುಗೂರು ಬಸ್ಸಿಗೆ ಹತ್ತಿಸಿದರು, ಅವಳ ಅಣ್ಣನ ಮನೆಗೆ. ಮಾಟಗಾತಿ ಎದುರಿಗಿದ್ದರೆ ಮದುಮಗಳಿಗೆ ಕೇಡಂತೆ. ಕಲ್ಲಿನ ತೋಳಿಗೆ ಸಿಕ್ಕ ಅರಿಶಿಣ ಹೆತ್ತವಳ ಕೈಗೆ ಸಿಗಲಿಲ್ಲ. ಪೂಜಾ ಬಿಕ್ಕಿ ಬಿಕ್ಕಿ ಅತ್ತಳು. "ಅಳಬ್ಯಾಡ, ಹಚ್ಚಿದ್ದು ಇಳೀತೈತಿ" ಎಂದು ಗದರಿ ಅತ್ತೆ ಅದೇ ಬಲಗೈಯಿಂದ ಅವಳ ಕೆನ್ನೆಗೆ ಅರಿಶಿಣ ಮೆತ್ತಿದರು. ಮೆತ್ತುತ್ತ ಮೆತ್ತುತ್ತ ಅವರ ಮಣಿಕಟ್ಟೂ ಹಳದಿಯಾಗಿ ಆ ಬೆರಳುಗಳು ಮುಚ್ಚಿಹೋದವು.

ಅತ್ತೆಗೆ ಏನಾಯಿತು ಎಂದು ನೀವು ಕೇಳಬಹುದು. ಏನೂ ಆಗಲಿಲ್ಲ. ಇಂದಿಗೂ ಗುಂಡುಕಲ್ಲಿನಂತಿದ್ದಾರೆ. ಗುರುತು ಯಾವಾಗ ಮಾಸಿತೋ ಯಾರೂ ಗಮನಿಸಲಿಲ್ಲ. ಶಂಕ್ರಮ್ಮನನ್ನು ಮಾತ್ರ ಮತ್ತೆ ಮನೆಗೆ ಕರೆಯಲಿಲ್ಲ.

ಮದುವೆಯಾದ ಮೇಲೆ ಬುತ್ತಿ ಕಟ್ಟಿಕೊಂಡು ಅವಳನ್ನು ನೋಡಲು ಲಿಂಗಸುಗೂರಿಗೆ ಹೋದೆ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. "ನಿನ್ನ ಪರವಾಗಿ ಯಾರೋ ಬಂದು ಅತ್ತೆಗೆ ಶಿಕ್ಷಾ ಕೊಟ್ಟಾರ ಅಂದ್ಕೊಂಡಿದ್ದೆ. ನೋಡಿದ್ರ ನಿನಗೇ ತಗಲಿತು" ಎಂದೆ.

ಅವಳು ಕೈ ಒರೆಸಿಕೊಂಡು ನನ್ನೆದುರು ಕುಳಿತಳು. "ಶಿಕ್ಷಾ ಕೊಡೋರು ಹಂಗ ಹಿಡಿಯಂಗಿಲ್ಲಕ್ಕ. ಪೂಜಾ ಸಣ್ಣಾಕಿದ್ದಾಗ ಸೂಜಿ ಮಾಡಿಸಾಕ ದವಾಖಾನಿಗೆ ಒಯ್ತಿದ್ನೆಲ್ಲ, ಬಾಗಿಲದಾಗ ಹಂಗ ಹಿಡ್ಕೊಂಡು ಜೋತು ಬೀಳ್ತಿದ್ಲು. ಒಳಗ ಒಯ್ಯಬ್ಯಾಡ ಅಂತ."

ಅಂದಿನಿಂದ ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ. ನನ್ನ ಅಂಗಡಿಯ ಯಾವ ಗುಳಿಗೆಯೂ ಇದಕ್ಕೆ ಕೆಲಸ ಮಾಡುವುದಿಲ್ಲ. ಕೋಟೆಯ ಬಾಗಿಲಲ್ಲಿ ಅಷ್ಟು ಭಕ್ತಿಯಿಂದ ಹಣೆ ಹಚ್ಚಿದವರು ಅತ್ತೆ ಒಬ್ಬರೇ. ಅದಕ್ಕೇ, ಚಿತೆಗೆ ಹೋಗದಂತೆ ಇವರು ತನ್ನನ್ನು ಉಳಿಸುತ್ತಾರೆ ಎಂದು ನಂಬಿ ಗೋಡೆಯ ಮೇಲಿನ ಆ ಸಣ್ಣ ಕೈಯವಳು ಬಂದಳೇ? ಗೊತ್ತಿಲ್ಲ. ಆ ರಾತ್ರಿ ಶಂಕ್ರಮ್ಮನ ಎರಡೂ ಕೈಯಲ್ಲಿ ಚೀಲವಿತ್ತು. ನನ್ನ ಕೈ ಖಾಲಿಯಿತ್ತು, ಒಂದು ಗೇಣು ದೂರದಲ್ಲಿ. ಅತ್ತೆ ಕೊಡವಿದ ಮೇಲೆ ನನ್ನ ಕೈಯನ್ನು ಯಾರೂ ಹಿಡಿಯಲಿಲ್ಲ.