ಸುನಂದಳ ಕಾಲಿನ ಪಟ್ಟಿ

ಲಾರಿ ಎಲ್ಲಿದೆ ಎಂದು ಮಾಲೀಕನಿಗೆ ತಾನಾಗಿಯೇ ತಿಳಿಸುವ ಡಬ್ಬಿಗಳನ್ನು ೨೦೦೬ರಲ್ಲಿ ಮಾಲೂರಿನ ಒಂದು ಕಾರ್ಖಾನೆ ಮಾಡುತ್ತಿತ್ತು. ಉಪಗ್ರಹದಿಂದ ಜಾಗ ಅರಿಯಲು ಒಂದು ಚಿಪ್, ಅದನ್ನು ಫೋನಿನಂತೆ ಕಚೇರಿಗೆ ಮುಟ್ಟಿಸಲು ಇನ್ನೊಂದು. ಅವನ್ನು ಬೋರ್ಡಿಗೆ ಬೆಸುಗೆ ಹಾಕುವ ಹದಿಮೂರು ಹೆಂಗಸರಲ್ಲಿ ಸುನಂದಳೂ ಒಬ್ಬಳು. ಅವಳು ಎಲ್ಲಿದ್ದಾಳೆಂದು ತಿಳಿಯಲು ಮನೆಯವರಿಗೆ ಯಾವ ಚಿಪ್ಪೂ ಬೇಕಿರಲಿಲ್ಲ: ಬೆಳಗ್ಗೆ ಐದಕ್ಕೆ ಒಲೆಯ ಮುಂದೆ, ಎಂಟಕ್ಕೆ ಕಾರ್ಖಾನೆ, ಸಂಜೆ ಆರಕ್ಕೆ ಮತ್ತೆ ಒಲೆಯ ಮುಂದೆ.

ಗಂಡ ಮುರಳಿಮೋಹನ್ ಇಟ್ಟಿಗೆ ಲಾರಿಯ ಡ್ರೈವರ್. ತನ್ನ ಲಾರಿಗೂ ಡಬ್ಬಿ ಬಂದ ದಿನ ಊಟಕ್ಕೆ ಕೂತು ಗೋಳಾಡಿದ.

"ಟೀಗೆ ನಿಂತ್ರೂ ಓನರ್‌ಗೆ ಗೊತ್ತಾಗುತ್ತಂತೆ ಕಣೇ. ಹಿಂಗಾದ್ರೆ ಮನುಷ್ಯ ಬದುಕೋದು ಹೆಂಗೆ?"

"ಅಭ್ಯಾಸ ಆಗುತ್ತೆ ಬಿಡಿ," ಎಂದು ಸುನಂದ ಇನ್ನೊಂದು ಮುದ್ದೆ ಬಡಿಸಿದಳು.

ಬಟ್ಟೆಯ ತಿಕ್ಕಾಟಕ್ಕೆ ಮೈಯಲ್ಲಿ ಹುಟ್ಟುವ ಕಣ್ಣಿಗೆ ಕಾಣದ ಕರೆಂಟು ಚಿಪ್ಪನ್ನು ಕೊಲ್ಲುತ್ತದೆ. ಅದು ನೆಲಕ್ಕಿಳಿಯಲೆಂದು ಕೆಲಸದವರು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಬೇಕು. ಪಟ್ಟಿಯ ತಂತಿ ಮೇಜಿಗೆ ಸಿಕ್ಕಿಸಿರುತ್ತದೆ. ಗೌರಿ ಹಬ್ಬ ಮುಗಿಸಿ ಕೈತುಂಬ ಹೊಸ ಬಳೆ ತೊಟ್ಟು ಬಂದವರು ಬಳೆಯ ಮೇಲೆಯೇ ಪಟ್ಟಿ ಬಿಗಿದರು. ಚರ್ಮಕ್ಕೆ ತಾಗಲಿಲ್ಲ. ಆ ವಾರ ರಾಶಿ ರಾಶಿ ಬೋರ್ಡು ಸತ್ತವು.

"ನಾಳೆ ಬಳೆ ತೆಗ್ದು ಬರ್ರಮ್ಮ. ಇಲ್ಲಾಂದ್ರೆ ಬರ್ಲೇಬೇಡಿ," ಎಂದ ಸೂಪರ್‌ವೈಸರ್ ಆವಲಪ್ಪ.

ಮನೆಯಲ್ಲಿ ಅತ್ತೆ ಮುನಿಗಂಗಮ್ಮ ಅಬ್ಬರಿಸಿದರು. "ನನ್ ಮಗ ಗುಂಡುಕಲ್ಲಂಗೆ ಬದುಕಿರೋವಾಗ ಬರಿಗೈಯೇನೇ? ಬಳೆ ತೆಗೆಯೋ ಬದ್ಲು ಕೆಲಸ ಬಿಡು!"

ಮಗನ ಆಯಸ್ಸು ಸೊಸೆಯ ಮಣಿಕಟ್ಟಿನಲ್ಲಿತ್ತು. ಅವನು ದಿನಕ್ಕೆ ಸೇದುವ ಎರಡು ಕಟ್ಟು ಬೀಡಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಸುನಂದಳಿಗೆ ಕೆಲಸ ಬಿಡುವ ಮನಸ್ಸಿರಲಿಲ್ಲ. ಇಡೀ ದಿನದಲ್ಲಿ ಅವಳು ಕುಳಿತು ಮಾಡುವ ಕೆಲಸ ಅದೊಂದೇ. ಮರುದಿನ ಪಟ್ಟಿಯನ್ನು ಪಾದದ ಗಂಟಿನ ಮೇಲೆ ಕಟ್ಟಿಕೊಂಡು, ಮೈಯ ಕರೆಂಟು ನೆಲಕ್ಕಿಳಿಯುತ್ತಿದೆಯೇ ಎಂದು ನೋಡುವ ಪರೀಕ್ಷೆಯ ಗುಂಡಿ ಒತ್ತಿದಳು. ಹಸಿರು ದೀಪ! ಉಳಿದ ಹನ್ನೆರಡು ಜನವೂ ಸೀರೆ ತುಸು ಎತ್ತಿ ಕಾಲಿಗೇ ಕಟ್ಟಿಕೊಂಡರು.

ಆದರೂ ಬೋರ್ಡುಗಳು ಸಾಯುವುದು ಪೂರ್ತಿ ನಿಲ್ಲಲಿಲ್ಲ. "ಈ ಬಳೆ ಹೆಂಗಸರ ಹಣೆಬರಹವೇ ಇಷ್ಟು," ಎಂದು ಆವಲಪ್ಪ ಮ್ಯಾನೇಜರನ್ನು ಕರೆತಂದ. ಮಿರಮಿರ ಮಿಂಚುವ ಟೆರಿಲಿನ್ ಅಂಗಿ ತೊಟ್ಟ ಆವಲಪ್ಪನೇ ಮೇಜಿನಿಂದ ಮೇಜಿಗೆ ನಡೆದು, ಮುಗಿದ ಬೋರ್ಡುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತ ಬೆಸುಗೆಯ ಬಗ್ಗೆ ಭಾಷಣ ಮಾಡಿದ. ದಿನಕ್ಕೆ ನಾಲ್ಕು ಸಲ ಹೀಗೆಯೇ ಮಾಡುತ್ತಿದ್ದ.

"ಸಾರ್, ಇವ್ರೂ ಒಂದ್ಸಲ ಗುಂಡಿ ಒತ್ಲಿ," ಎಂದಳು ಸುನಂದ.

"ಸೂಪರ್‌ವೈಸರ್‌ಗೆ ಯಾಕಮ್ಮ ಅದೆಲ್ಲ?" ಎಂದು ಆವಲಪ್ಪ ನಕ್ಕು ಒತ್ತಿದ. ಕೆಂಪು ದೀಪ ಹತ್ತಿ ಗಂಟೆ ಅರಚಿಕೊಂಡಿತು.

ಬಳೆಯ ಅಪ್ಪಣೆ ಅಲ್ಲೇ ರದ್ದಾಯಿತು. ಬೋರ್ಡು ಮುಟ್ಟಬೇಕಾದರೆ ಪಟ್ಟಿ ಕಟ್ಟಿಕೋ ಎಂದರು ಮ್ಯಾನೇಜರು. ಕಟ್ಟಿಕೊಂಡು ಹೊರಟ ಆವಲಪ್ಪನನ್ನು ಮೇಜಿನಿಂದ ಎರಡು ಹೆಜ್ಜೆಗೇ ತಂತಿ ಜಗ್ಗಿತು.

"ಹಿಂಗೆ ಕಟ್ಟಾಕಿದ್ರೆ ಮನುಷ್ಯ ಓಡಾಡೋದು ಹೆಂಗೆ ಸಾರ್?"

ಹದಿಮೂರು ಜನ ತಲೆ ತಗ್ಗಿಸಿ ನಕ್ಕರು. ಬಳೆಗಳೂ ಸದ್ದು ಮಾಡಿದವು.

ಅಂದು ಸಂಜೆ ಮನೆಯಲ್ಲಿ ಮುರಳಿಮೋಹನ್ ಮಂಚದ ಮೇಲೆ ಉರುಳಿಕೊಂಡೇ ಕೂಗಿದ. "ಲೇ, ನೀರು ತಗೊಂಡು ಬಾರೇ."

ಸುನಂದ ಮುದ್ದೆ ತಿರುವುವ ಕೋಲು ಹಿಡಿದೇ ಬಾಗಿಲಿನಿಂದ ಇಣುಕಿದಳು. ನೀರಿನ ಕೊಡ ಮಂಚದಿಂದ ಎರಡು ಹೆಜ್ಜೆಯಲ್ಲಿತ್ತು.

"ನಿಮ್ ಕಾಲಿಗೇನೂ ಕಟ್ಟಿಲ್ವಲ್ಲ," ಎಂದಳು. "ಎದ್ದು ಕುಡೀರಿ."